ಜಂತುಹುಳುವಿನ ಮಾದರಿಯನ್ನು ಯಾವ ಗಿಡದಿಂದ ತೆಗೆಯಬೇಕು

ಹಾಸನದ ಕಾರೇಕೆರೆ ಕೃಷಿ ಕಾಲೇಜಿನಲ್ಲಿ ಪದವಿಯ ಕೊನೆಯ ವರ್ಷದ ಸಂಶೋಧನೆಗಾಗಿ ನಾನು ಟೊಮೆಟೊ ಬೆಳೆಯ ಬೇರುಗಂಟು ಜಂತುಹುಳುವನ್ನು, ಅಂದರೆ ಬೇರಿನೊಳಗೆ ಸೇರಿ ಅದರಲ್ಲಿ ಗಂಟು ಬರಿಸುವ, ಮಣ್ಣಿನಲ್ಲಿರುವ ಅತಿ ಸಣ್ಣ ಹುಳುವನ್ನು, ಅಭ್ಯಾಸ ಮಾಡುತ್ತಿದ್ದೇನೆ. ಪ್ರಯೋಗಾಲಯದ ಫಲಿತಾಂಶ ಬಹುಮಟ್ಟಿಗೆ ಹೊಲದಲ್ಲೇ ತೀರ್ಮಾನವಾಗಿರುತ್ತದೆ ಎಂಬುದು ಈ ಕೆಲಸದಲ್ಲಿ ನನಗೆ ಮನದಟ್ಟಾದ ಸಂಗತಿ.

ರೋಗ ಬಿದ್ದ ತಾಕಿನಲ್ಲಿ ನಡುವೆ ಒಣಗಿ ನಿಂತ ಗಿಡವೇ ಮೊದಲು ಕಣ್ಣಿಗೆ ಬೀಳುತ್ತದೆ, ರೈತರೂ ಅದನ್ನೇ ಕಿತ್ತು ಕೈಗೆ ಕೊಡುತ್ತಾರೆ. ಆದರೆ ಈ ಹುಳು ಜೀವಂತ ಬೇರನ್ನು ಬಿಟ್ಟು ಬೇರೆಡೆ ಆಹಾರ ಪಡೆಯಲಾರದು; ಕೊಳೆತ ಬೇರಿನಲ್ಲಿ ಹೆಚ್ಚಾಗಿ ಕಾಣುವುದು ಬಾಯಲ್ಲಿ ಬೇರನ್ನು ಚುಚ್ಚುವ ಸೂಜಿಯಂಥ ಈಟಿಯಿಲ್ಲದ, ಬೆಳೆಗೆ ಹಾನಿ ಮಾಡದ ಬೇರೆ ದುಂಡುಹುಳುಗಳು. ಆದ್ದರಿಂದ ತಾಕಿನ ಅಂಚಿಗೆ ಹೋಗಿ, ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುವ, ಎಲೆ ಹಳದಿಗೆ ತಿರುಗುತ್ತಿರುವ ಗಿಡವನ್ನು ಆರಿಸಬೇಕು.

ಆ ಗಿಡವನ್ನು ಕೀಳದೆ ಸುತ್ತಲಿನ ಮಣ್ಣಿನ ಸಮೇತ ಅಗೆದು ತೆಗೆಯಬೇಕು, ಏಕೆಂದರೆ ಕಿತ್ತರೆ ನಮಗೆ ಬೇಕಾದ ಎಳೆಬೇರುಗಳು ನೆಲದಲ್ಲೇ ಉಳಿಯುತ್ತವೆ. ಮೊಟ್ಟೆಯೊಡೆದು ಬಂದ, ಸುಮಾರು 0.4 ಮಿ.ಮೀ. ಉದ್ದದ ಮರಿಹುಳು ಬೇರಿನ ತುದಿಯ ಬಳಿ ಒಳಹೊಕ್ಕು, ಕೋಶಗಳ ನಡುವೆ ನುಸುಳಿ ತುದಿಯವರೆಗೆ ಸಾಗಿ, ಅಲ್ಲಿ ತಿರುಗಿಕೊಂಡು ನೀರು ಸಾಗಿಸುವ ನಾಳಗಳತ್ತ ಮೇಲೇರಿ ನೆಲೆನಿಲ್ಲುತ್ತದೆ. ಅದು ಈಟಿಯ ಮೂಲಕ ಬಿಡುವ ಸ್ರಾವದಿಂದ ಅಲ್ಲಿನ ಕೆಲವು ಕೋಶಗಳಲ್ಲಿ ಕೋಶಕೇಂದ್ರ ಮತ್ತೆ ಮತ್ತೆ ಒಡೆಯುತ್ತದೆ, ಆದರೆ ಕೋಶ ಮಾತ್ರ ಇಬ್ಭಾಗವಾಗದೆ ದೈತ್ಯಾಕಾರಕ್ಕೆ ಬೆಳೆದು ಹುಳುವಿಗೆ ಊಟ ಒದಗಿಸುತ್ತದೆ. ಆಸಿಡ್ ಫ್ಯೂಕ್ಸಿನ್ ಬಣ್ಣ ಹಾಕಿದ ಬೇರನ್ನು ಗಾಜಿನ ಪಟ್ಟಿಕೆಗಳ ನಡುವೆ ಒತ್ತಿ ನೋಡಿದರೆ, ಮಸುಕಾದ ಬೇರಿನೊಳಗೆ ತೆಳ್ಳಗಿನ ಮರಿಗಳೂ ಪೇರ್ (ಮರಸೇಬು) ಹಣ್ಣಿನಂತೆ ಉಬ್ಬಿದ ಹೆಣ್ಣುಗಳೂ ಕೆಂಪಾಗಿ ಎದ್ದು ಕಾಣುತ್ತವೆ. ಬೇರುಗಂಟು ಹುಳುವಿನ ಮೆಲಾಯ್ಡೋಗೈನ್ ಇನ್‌ಕಾಗ್ನಿಟಾ ಎಂಬ ಪ್ರಭೇದದಲ್ಲಿ ಗಂಡಿನ ಅಗತ್ಯವೇ ಇಲ್ಲದೆ ಒಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಈ ದೃಶ್ಯದ ಬೆರಗು ಕಡಿಮೆಯಾಗಿಲ್ಲ.

ಮಣ್ಣಿನ ಚೀಲವನ್ನು ಬಿಸಿಲಿಗೆ ಬಿಡುವಂತಿಲ್ಲ. ಮಣ್ಣಿನಿಂದ ಹುಳುವನ್ನು ಬೇರ್ಪಡಿಸಲು ಬಳಸುವ, ನೀರು ತುಂಬಿದ ಆಲಿಕೆಯಾದ ಬೇರ್ಮನ್ ಫನಲ್‌ನಲ್ಲಿ ಹುಳು ತಾನೇ ಹರಿದು ಜಾಲರಿ ದಾಟಿ ನೀರಿಗಿಳಿಯಬೇಕು; ದಾರಿಯಲ್ಲೇ ಸತ್ತ ಹುಳು ಇಳಿಯುವುದಿಲ್ಲ, ಆಗ ರೋಗವಿರುವ ಹೊಲಕ್ಕೂ ಹುಳುವಿಲ್ಲವೆಂಬ ವರದಿ ಹೋಗುತ್ತದೆ. ಅಂಥ ವರದಿಯನ್ನು ನಂಬಿ ರೈತರು ಅದೇ ಜಾಗದಲ್ಲಿ ಮತ್ತೆ ಟೊಮೆಟೊ ನಾಟಿ ಮಾಡಿದರೆ ನಷ್ಟ ಅವರದೇ.

ಇವೆಲ್ಲದರ ಜೊತೆಗೆ ಹಿಂದಿನ ಬೆಳೆ ಯಾವುದೆಂದು ಕೇಳಿ ಚೀಲದ ಮೇಲೆ ಬರೆದುಕೊಳ್ಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಶುಂಠಿ ಹೆಚ್ಚು. ಇದೇ ಹುಳು ಶುಂಠಿಗೂ ತಗಲುತ್ತದೆ, ಬಿತ್ತನೆಗೆಡ್ಡೆಯೊಳಗೆ ಕುಳಿತು ಹೊಸ ಹೊಲಕ್ಕೂ ಸಾಗುತ್ತದೆ. ಶುಂಠಿ ತೆಗೆದ ನೆಲವೆಂದು ತಿಳಿದರೆ, ಟೊಮೆಟೊ ಸಸಿ ತರುವ ಮೊದಲೇ ಮಣ್ಣು ಪರೀಕ್ಷಿಸಿಕೊಳ್ಳಿ ಎಂದು ಅಲ್ಲೇ ಹೇಳಿಬಿಡುತ್ತೇನೆ.