ಮೊದಲು ಎಂತ ಹೊಲಿಯುವುದು? ಲಂಗ, ಮಾರಾಯ್ರೆ!

ನಾನು ಹಾಕುವ ಚೂಡಿದಾರ್, ನೈಟಿ ಎಲ್ಲ ನಾನೇ ಹೊಲಿದದ್ದು ಅಂತ ಗೊತ್ತಾದ ಕೂಡಲೇ ಎದುರಿಗಿದ್ದವರು ಕೇಳುವುದು ಒಂದೇ ಪ್ರಶ್ನೆ. "ನನಗೂ ಕಲಿಯಬೇಕಂತ ಉಂಟು. ಮೊದಲು ಎಂತ ಹೊಲಿಯುವುದು?" ಕೇಳುವಾಗಲೇ ಅವರ ಮನಸ್ಸಿನಲ್ಲಿ ರವಿಕೆ ಇರುತ್ತದೆ. ಟೈಲರ್ ಹೇಳಿದ ದಿನಕ್ಕೆ ಕೊಡಲಿಲ್ಲ, ಕೊಟ್ಟದ್ದು ಬಿಗಿ, ಮಜೂರಿ ನೋಡಿದರೆ ಸೀರೆಗಿಂತ ಜಾಸ್ತಿ. ಈ ಸಿಟ್ಟಿನಲ್ಲೇ ಮಂಗಳೂರಿನ ಎಷ್ಟೋ ಮನೆಗಳಿಗೆ ಮೆಷಿನ್ ಬಂದಿದೆ. ಆರು ತಿಂಗಳಲ್ಲಿ ಅದರ ಮೇಲೆ ಇಸ್ತ್ರಿ ಮಾಡದ ಬಟ್ಟೆಯ ರಾಶಿಯೂ ಬಂದಿದೆ.

ನನ್ನ ಉತ್ತರ ಲಂಗ. ಸೀರೆಯ ಒಳಗೆ ಉಡುತ್ತೇವಲ್ವಾ, ಅದೇ. ಹೊಲಿಗೆ ಸೊಟ್ಟ ಹೋದರೂ ಯಾರಿಗೂ ಕಾಣುವುದಿಲ್ಲ. ದುಡ್ಡು ಉಳಿಯುತ್ತದೆ ಅಂತ ಮಾತ್ರ ಹೊರಡಬೇಡಿ. ರೆಡಿಮೇಡ್ ಲಂಗ ಅಂಗಡಿಯಲ್ಲಿ ಅಗ್ಗಕ್ಕೇ ಸಿಗುತ್ತದೆ.

ಬಟ್ಟೆಗೂ ಮೊದಲು ಕಾಗದ. ಸೂಜಿಗೆ ನೂಲು ಹಾಕದೆ, ಮಕ್ಕಳ ಹಳೆಯ ನೋಟ್‌ಬುಕ್ಕಿನ ಹಾಳೆ ಇಟ್ಟು ಗೆರೆಯ ಮೇಲೇ ಮೆಷಿನ್ ಓಡಿಸಿ. ತೂತುಗಳ ಸಾಲು ನೋಡಿದರೆ ಎಲ್ಲಿ ತಪ್ಪಿದ್ದೀರಿ ಅಂತ ಗೊತ್ತಾಗುತ್ತದೆ. ಕಾಲಿನ ಮೆಷಿನ್ ಆದರೆ ಚಕ್ರ ಹಿಂದಕ್ಕೆ ತಿರುಗದಂತೆ ತುಳಿಯಲು ಕಲಿಯುವುದಕ್ಕೇ ಎರಡು ದಿನ ಬೇಕು. ಹಳೆಯ ಸೂಜಿ ಹಾಕಿ, ಕಾಗದ ಸೂಜಿಯನ್ನು ಮೊಂಡು ಮಾಡುತ್ತದೆ.

ಇನ್ನು ನೂಲು. ನಾನು ಶುರು ಮಾಡಿದಾಗ ಬಟ್ಟೆಯ ಮೇಲ್ಗಡೆ ಹೊಲಿಗೆ ಚಂದ, ಅಡಿಯಲ್ಲಿ ಮಾತ್ರ ಗುಬ್ಬಚ್ಚಿ ಗೂಡು. ಅಡಿಯಲ್ಲಿ ಗಂಟಾದರೆ ತಪ್ಪು ಅಡಿಯದ್ದೇ ಇರಬೇಕು ಅಂತ ಬಾಬಿನ್, ಅಂದರೆ ಅಡಿಯ ನೂಲಿನ ಉರುಳೆ, ಮೂರು ಸಲ ಬಿಚ್ಚಿ ಸುತ್ತಿದೆ, ಹೊಸ ಬಾಬಿನ್ ಕೇಸ್ ತಂದೆ. ಕೊನೆಗೆ ರಿಪೇರಿಯವರನ್ನು ಕರೆಸಿದೆ. ಅವರು ಬಟ್ಟೆ ಒತ್ತಿ ಹಿಡಿಯುವ ಫೂಟ್ ಎತ್ತಿದರು, ಮೇಲಿನ ನೂಲನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿದರು, ಚಾ ಕುಡಿದು ಇನ್ನೂರು ರೂಪಾಯಿ ತಗೊಂಡು ಹೋದರು. ಫೂಟ್ ಕೆಳಗಿದ್ದಾಗ ಮೇಲಿನ ನೂಲನ್ನು ಬಿಗಿ ಹಿಡಿಯುವ ಎರಡು ಬಿಲ್ಲೆಗಳು ಅಂಟಿಕೊಂಡಿರುತ್ತವೆ. ಆಗ ಪೋಣಿಸಿದರೆ ನೂಲು ಒಳಗೆ ಕೂರದೆ ಸಡಿಲವಾಗಿಯೇ ಬರುತ್ತದೆ, ಅಡಿಯಲ್ಲಿ ಹೋಗಿ ಸುತ್ತಿಕೊಳ್ಳುತ್ತದೆ. ಗಂಟು ಕೆಳಗೆ, ಕಾರಣ ಮೇಲೆ.

ಸೂಜಿಯದ್ದು ಬೇರೆ ಕಥೆ. ಸಾಧಾರಣ ಕಾಟನ್ನಿಗೆ 14 ನಂಬರ್ ಸಾಕು. ನಾನು ಅದೇ ಸೂಜಿಯಲ್ಲಿ ದಪ್ಪ ಖಾಕಿಯ ಮಾರ್ಕೆಟ್ ಚೀಲ ಹೊಲಿಯಲು ಹೋಗಿ ಎರಡು ಸೂಜಿ ಮುರಿದೆ. ಖಾಕಿ ನಮ್ಮೂರಿನ ಬಟ್ಟೆ ಅಂತ ಸ್ವಲ್ಪ ಅಭಿಮಾನವೂ ಇತ್ತು ಅನ್ನಿ. ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ 1850ರ ದಶಕದಲ್ಲಿ ಆ ಬಣ್ಣ ತಯಾರಿಸಿದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಅಭಿಮಾನ ಇದ್ದರೂ ದಪ್ಪ ಬಟ್ಟೆಗೆ 16 ನಂಬರಿನ ಸೂಜಿಯೇ ಬೇಕು. ಸೂಜಿ ಮುರಿಯಲು ಇನ್ನೊಂದು ಕಾರಣ ನಮ್ಮ ಕೈ. ಅಡಿಯಲ್ಲಿರುವ ಹಲ್ಲುಗಳು ಬಟ್ಟೆಯನ್ನು ತಾವೇ ಮುಂದೆ ತಳ್ಳುತ್ತವೆ, ಹಿಂದಿನಿಂದ ನೀವು ಎಳೆಯಬೇಡಿ.

ಈಗ ಲಂಗ. ಆರು ಪೀಸಿನ, ಅಂದರೆ ಮೇಲೆ ಕಿರಿದು ಕೆಳಗೆ ಅಗಲ ಇರುವ ಆರು ತುಂಡು ಸೇರಿಸಿದ ಲಂಗಕ್ಕೆ 42 ಇಂಚು ಪನ್ನದ (ಅಗಲದ) ಕಾಟನ್ ಎರಡು ಮೀಟರ್ ತನ್ನಿ. ತಂದ ಕೂಡಲೇ ಕತ್ತರಿ ಹಾಕಬೇಡಿ. ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಕಾಟನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಕುಗ್ಗುವುದಿದ್ದರೆ ಹೊಲಿಯುವ ಮೊದಲೇ ಕುಗ್ಗಲಿ. ಆಟಿ ತಿಂಗಳ ಮಳೆಯಲ್ಲಿ ಇದಕ್ಕೇ ಮೂರು ದಿನ ಹೋಗುತ್ತದೆ, ಏನು ಮಾಡುವುದು.

ಪೀಸಿನ ಅಳತೆ ಮೊದಲು ಪೇಪರಿನಲ್ಲಿ ಕತ್ತರಿಸಿ. ಸೀಟಿನ (ಪೃಷ್ಠದ) ಸುತ್ತಳತೆ 38 ಇಂಚು ಇದ್ದರೆ ಎರಡು ಇಂಚು ಸಡಿಲ ಸೇರಿಸಿ ಆರರಿಂದ ಭಾಗಿಸಿ, ಹೊಲಿಗೆಗೆ ಒಂದು ಇಂಚು ಬಿಡಿ. ಮೇಲೆ ಸುಮಾರು ಏಳೂಮುಕ್ಕಾಲು ಇಂಚು ಬರುತ್ತದೆ. ಕೆಳಗೆ 12 ಇಟ್ಟುಕೊಳ್ಳಿ, ಉದ್ದ 36. ಒಂದು ಪೀಸ್ ನೇರ, ಪಕ್ಕದ್ದು ತಲೆಕೆಳಗು ಇಟ್ಟರೆ ಮೊದಲ ಮೀಟರಿನಲ್ಲಿ ನಾಲ್ಕು ಕೂರುತ್ತವೆ. ಎರಡನೆಯದರಲ್ಲಿ ಉಳಿದ ಎರಡು ಪೀಸ್, ಸೊಂಟದ ಪಟ್ಟಿ, ಲಾಡಿ. ಈ ತಲೆಕೆಳಗಿನ ಲೆಕ್ಕ ಹೊಳೆದ ದಿನ ನನಗೆ ಅಡುಗೆಮನೆಗೆ ಹೋಗಲಿಕ್ಕೂ ಮನಸ್ಸಿರಲಿಲ್ಲ, ಅಷ್ಟು ಖುಷಿ.

ಪೀಸಿನ ಬದಿಗಳು ಓರೆ. ಓರೆ ಕತ್ತರಿಸಿದ ಬಟ್ಟೆ ಎಳೆದಷ್ಟೂ ಹಿಗ್ಗುತ್ತದೆ. ಹಾಗಾಗಿ ಎರಡು ತುದಿ, ನಡುವೆ ಒಂದು ಕಡೆ ಗುಂಡುಸೂಜಿ ಚುಚ್ಚಿ ಅಗಲ ಇರುವ ಕೆಳಗಿನಿಂದ ಮೇಲಕ್ಕೆ ಹೊಲಿಯಿರಿ. ಆರೂ ಸೇರಿದ ಮೇಲೆ ಕೆಳಗಿನ ಅಂಚು ನೋಡಿ, ಒಂದೊಂದು ಜೋಡಣೆಯ ಹತ್ತಿರವೂ ಮೂತಿ ಚಾಚಿರುತ್ತದೆ. ನಿಮ್ಮ ತಪ್ಪಲ್ಲ. ಓರೆ ಬದಿ ನಡುವಿಗಿಂತ ಉದ್ದ, ಅದಕ್ಕೆ ಹಾಗೆ. ಮೂತಿಗಳನ್ನು ದುಂಡಗೆ ಕತ್ತರಿಸಿ ಆಮೇಲೆ ಮಡಿಸಿ. ರಾತ್ರಿ ಕೆಲಸ ನಿಲ್ಲಿಸಿ ಮೆಷಿನ್ ಬಿಟ್ಟು ಏಳುವಾಗ ಸೂಜಿಯನ್ನು ಬಟ್ಟೆಯಲ್ಲೇ ಬಿಡಬೇಡಿ. ನಮ್ಮ ಹವೆಗೆ ಬೆಳಿಗ್ಗೆ ನೋಡಿದರೆ ತುಕ್ಕಿನ ಚುಕ್ಕೆ ಬಿದ್ದಿರುತ್ತದೆ.

ಮೂರು ಲಂಗ ಆದ ಮೇಲೆ ನೈಟಿ ಹಿಡಿಯಿರಿ. ರವಿಕೆಗೆ ಅವಸರ ಬೇಡ. ಹೊಲಿಯಲೇಬೇಕು ಅಂತಾದಾಗ ಮೈಗೆ ಸರಿ ಕೂರುತ್ತಿದ್ದ ಹಳೆಯದೊಂದನ್ನು ಬಿಚ್ಚಿ ಪೇಪರ್ ಮೇಲೆ ಹರಡಿ. ತೋಳಿನ ಪೀಸಿನಲ್ಲಿ ಮುಂದಿನ ಬದಿಯನ್ನು ಹಿಂದಿನದಕ್ಕಿಂತ ಜಾಸ್ತಿ ಕೊರೆದಿರುವುದು ಕಾಣುತ್ತದೆ. ಅದು ಗೊತ್ತಿಲ್ಲದೆ ನಾನು ನನ್ನ ಮೊದಲ ರವಿಕೆಯಲ್ಲಿ ಎಡದ ತೋಳನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಚ್ಚಿದ್ದೆ. ಕೈ ಎತ್ತಲಿಕ್ಕೇ ಆಗುತ್ತಿರಲಿಲ್ಲ. ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿಯಲಾಗದೆ, ಬ್ರೇಕ್ ಹಾಕಿದಾಗಲೆಲ್ಲ ಪಕ್ಕದವರ ಮೇಲೆ ಬಿದ್ದು ಸಾರಿ ಹೇಳುತ್ತಾ ಹೋದೆ.