ದಶಕದ ಹತ್ತು ಆಲ್ಬಮ್, 2000–2009: ಪಟ್ಟಿಯ ಕೆಲಸ ಎಲ್ಲಿಗೆ ಬಂತು

ಈ ಪಟ್ಟಿ ಮಾಡುತ್ತಿರುವ ಬ್ಯಾಂಡ್ ಒಪ್ಪಿಕೊಂಡ ನಿಯಮ ಇಷ್ಟೇ: ಆಲ್ಬಮ್ ಈ ದಶಕದ್ದಾಗಿರಬೇಕು, ಅದರ ಸದ್ದು ಹುಟ್ಟಿದ ಬಗೆಯನ್ನು ಅಭ್ಯಾಸದ ಕೋಣೆಯಲ್ಲಿ ಮಾಡಿ ನೋಡಲು ಬರಬೇಕು. ಇಷ್ಟವಾಯಿತು ಅನ್ನುವುದೊಂದೇ ಸಾಲದು.

ಹೋಲಿಸಿ ಕೇಳುವ ಮುಂಚೆ ಸದ್ದಿನ ಮಟ್ಟ ಸರಿಮಾಡಲೇಬೇಕು. ಇಲ್ಲದಿದ್ದರೆ ಜೋರಾಗಿ ಮಾಸ್ಟರ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಮಾಡಿದ್ದೇ ಪ್ರತಿ ಸಲ ಗೆಲ್ಲುತ್ತದೆ. ಪ್ಲೇಯರ್‌ನಲ್ಲಿ ಸದ್ದಿನ ಮಟ್ಟ ಸರಿದೂಗಿಸುವ ರಿಪ್ಲೇಗೇನ್ ಬಳಸಿ, ಆದರೆ ಆಲ್ಬಮ್ ಮೋಡ್‌ನಲ್ಲಿ. ಟ್ರ್ಯಾಕ್ ಮೋಡ್ ಒಂದೊಂದು ಹಾಡನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಪಿಸುಮಾತಿನಿಂದ ಅಬ್ಬರಕ್ಕೆ ಜಿಗಿಯುವ ದ ಮೈಕ್ರೋಫೋನ್ಸ್ ಅವರ 2001ರ ‘ದ ಗ್ಲೋ ಪಾರ್ಟ್ 2’ ಅಲ್ಲಿಗೆ ಸತ್ತಂತೆ. ದ ಅವಲಾಂಚಸ್‌ನ ‘ಸಿನ್ಸ್ ಐ ಲೆಫ್ಟ್ ಯೂ’ನಂಥ ಒಂದಕ್ಕೊಂದು ಅಂಟಿಕೊಂಡ ಹಾಡುಗಳಿಗೆ ಫ್ಲಾಕ್ (ಸದ್ದು ಏನೂ ಕಳೆಯದ ಕಡತ) ಬೇಕು. ಎಂಪಿ3 ಎನ್‌ಕೋಡರ್ ಹಾಡಿನ ತುದಿಗಳಲ್ಲಿ ಚೂರು ಮೌನ ಸೇರಿಸುವುದರಿಂದ ಕೆಲವು ಪ್ಲೇಯರ್‌ಗಳಲ್ಲಿ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ವಿಲಿಯಂ ಬಸಿನ್ಸ್ಕಿಯ ‘ದ ಡಿಸಿಂಟಿಗ್ರೇಷನ್ ಲೂಪ್ಸ್’. 1980ರ ದಶಕದ, ತುದಿಗೆ ತುದಿ ಸೇರಿಸಿ ಬಳೆಯಾಗಿಸಿದ ಟೇಪ್ ಲೂಪ್‌ಗಳನ್ನು ಡಿಜಿಟಲ್‌ಗೆ ಇಳಿಸುವಾಗ ಸದ್ದನ್ನು ಹಿಡಿದಿಡುವ ಆಕ್ಸೈಡ್ ಲೇಪನ ಉದುರತೊಡಗಿತು; ಸುತ್ತು ಸುತ್ತಿಗೂ ಸಂಗೀತ ಸವೆದ ಆ ಸದ್ದೇ ಆಲ್ಬಮ್. ಮಾಡಿ ನೋಡುವವರಿಗೆ ಲೆಕ್ಕ: ರೀಲ್ ಯಂತ್ರ ಸೆಕೆಂಡಿಗೆ 19 ಸೆಂ.ಮೀ. ಓಡಿದರೆ 4 ಸೆಕೆಂಡಿನ ಲೂಪ್‌ಗೆ 76 ಸೆಂ.ಮೀ. ಟೇಪ್. ಕತ್ತರಿಸುವುದು 45 ಡಿಗ್ರಿ ಓರೆಯಾಗಿ. ನೇರ ಕತ್ತರಿಸಿದರೆ ಸೇರುವಲ್ಲಿ ‘ಟಕ್’ ಅನ್ನುತ್ತದೆ. ಬ್ಲೇಡಿಗೆ ಕಾಂತತೆ ಹತ್ತಿದ್ದರೂ ಅದೇ ಟಕ್. ಬೆನ್ನಿನ ಬದಿಗೆ ತುದಿ ಸೇರಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪನ್ನೇ ಅಂಟಿಸಿ, ಮಾಮೂಲಿ ಅಂಟುಪಟ್ಟಿಯ ಗೋಂದು ಜಿನುಗಿ ಟೇಪ್ ಓದುವ ಹೆಡ್‌ಗೆ ಮೆತ್ತಿಕೊಳ್ಳುತ್ತದೆ. ಹೊರಗೆ ಉಳಿದ ಟೇಪನ್ನು ಮೈಕ್ ಸ್ಟ್ಯಾಂಡಿನ ನುಣುಪು ಕಂಬಕ್ಕೆ ಬಳಸಿ ನಿಲ್ಲಿಸಬಹುದು. ಸಡಿಲವಾದರೆ ಸ್ವರ ತೂಗಾಡುತ್ತದೆ, ಬಿಗಿಯಾದರೆ ಟೇಪ್ ಹಿಗ್ಗುತ್ತದೆ.

ಆದರೆ ಒಳ್ಳೆಯ ಸ್ಥಿತಿಯ ಟೇಪ್ ಹೀಗೆ ಉದುರುವುದಿಲ್ಲ. ಬದಲಿ ದಾರಿಯೆಂದರೆ ಎರಡು ಯಂತ್ರಗಳ ನಡುವೆ ನಕಲಿನ ನಕಲು ತೆಗೆಯುತ್ತ ಹೋಗುವುದು. ಮೇಲಿನ ಸ್ವರಗಳು ಮಸುಕಾಗುತ್ತವೆ, ಹಿಸ್ (ಟೇಪಿನ ಸುಯ್ಯೆನ್ನುವ ಸದ್ದು) ಏರುತ್ತದೆ. ಬಸಿನ್ಸ್ಕಿಯಲ್ಲಿರುವ ತೂತುಗಳು, ಅಂದರೆ ಸದ್ದು ಕ್ಷಣಕಾಲ ಇಲ್ಲವಾಗುವ ಜಾಗಗಳು ಮಾತ್ರ ಬರುವುದಿಲ್ಲ. ಅವನ್ನು ಕೈಯಿಂದಲೇ ಕೊರೆಯಬೇಕು. ಈಕ್ವಲೈಜರ್‌ನಲ್ಲಿ ಮೆಲ್ಲಗೆ ಮಸುಕು ಮಾಡಿದ್ದು ಇದಕ್ಕೆ ಹತ್ತಿರವೂ ಬರಲಿಲ್ಲ. ಪಟ್ಟಿಯಲ್ಲಿ ಇದರ ಜಾಗ ಖಚಿತ.

ಬರಿಯಲ್‌ನ ‘ಅನ್‌ಟ್ರೂ’, 2007. ಪೆಟ್ಟುಗಳನ್ನು ಲೆಕ್ಕಕ್ಕೆ ಸರಿಯಾಗಿ ಕೂರಿಸುವ ಸೀಕ್ವೆನ್ಸರ್ ಇಲ್ಲದೆ, ಆಡಿಯೋ ಕತ್ತರಿಸಿ ಜೋಡಿಸುವ ತಂತ್ರಾಂಶ ಸೌಂಡ್ ಫೋರ್ಜ್‌ನಲ್ಲಿ ಅಲೆಯ ಚಿತ್ರ ನೋಡಿ ಜೋಡಿಸಿದ ತಾಳ. ಪೆಟ್ಟುಗಳನ್ನು ತಾಳದ ಗೆರೆಗೆ ಎಳೆಯುವ ಗ್ರಿಡ್ ಆಫ್ ಮಾಡಿ, ಕೆಲವು ಪೆಟ್ಟುಗಳನ್ನಷ್ಟೇ 10ರಿಂದ 30 ಮಿಲಿಸೆಕೆಂಡ್ ಸರಿಸಿ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಸರಿಸಿದರೆ ತಾಳ ತಡವಾಗುತ್ತದೆ, ಅಷ್ಟೇ. ಎರಡು ಬಾರ್ (ತಾಳದ ಆವರ್ತ) ಜೋಡಿಸಿ ನಕಲು ಹೊಡೆದರೆ ಕಿವಿ ಬೇಗ ಹಿಡಿದುಬಿಡುತ್ತದೆ. ಚಟಪಟ ಸದ್ದಿನ ಪದರಕ್ಕೆ ಕೆಳಗಿನ ಸ್ವರಗಳನ್ನು ಕತ್ತರಿಸುವ ಹೈಪಾಸ್ ಫಿಲ್ಟರ್ ಹಾಕಿ, ಅದರ ಗುಡುಗು ಬಾಸ್‌ನ ಜಾಗ ತಿನ್ನದಿರಲಿ.

ಜೊಆನಾ ನ್ಯೂಸಮ್‌ಳ ‘ಈಸ್’, 2006, ಐದೇ ಹಾಡು. ಹಾರ್ಪ್ ಇಲ್ಲದ ಬ್ಯಾಂಡಿಗೂ ಇದರಲ್ಲಿ ಪಾಠವಿದೆ: ಸ್ಟೀವ್ ಆಲ್ಬಿನಿ ಹಾರ್ಪ್ ಮತ್ತು ದನಿಯನ್ನು ಮೊದಲು ಧ್ವನಿಮುದ್ರಿಸಿದರು, ವ್ಯಾನ್ ಡೈಕ್ ಪಾರ್ಕ್ಸ್‌ರ ವಾದ್ಯವೃಂದ ಸೇರಿದ್ದು ಆಮೇಲೆ. ಲಯ ಹಾಡುವವಳ ಉಸಿರಿನದು, ಉಳಿದವರು ಅದನ್ನು ಹಿಂಬಾಲಿಸಬೇಕು. ರೇಡಿಯೊಹೆಡ್ ಬ್ಯಾಂಡಿನ ‘ಕಿಡ್ ಎ’ ಬಗ್ಗೆ ಚರ್ಚೆಯೇ ಆಗಲಿಲ್ಲ, ಒಳಗಿದೆ. ಬ್ಯಾಟಲ್ಸ್‌ನ ‘ಮಿರರ್ಡ್’ ಕೂಡ. ಅದರಲ್ಲಿ ಮತ್ತೆ ಮತ್ತೆ ಮರಳುವ ಲೂಪ್ ಡ್ರಮ್ಮರ್‌ಗೆ ಸ್ಪಷ್ಟವಾಗಿ ಕೇಳಿಸದಿದ್ದರೆ ಕೆಲವೇ ಸುತ್ತಿನಲ್ಲಿ ಎರಡೂ ಬೇರೆಯಾಗುತ್ತವೆ, ಆದ್ದರಿಂದ ಲೂಪ್‌ಗೇ ಒಂದು ಮಾನಿಟರ್ (ನುಡಿಸುವವರ ಕಡೆ ತಿರುಗಿದ ಸ್ಪೀಕರ್) ಮೀಸಲಿಡಿ.

ಈಗ ಕೈಯಲ್ಲಿರುವುದು ಐಸ್‌ಲ್ಯಾಂಡಿನ ಬ್ಯಾಂಡ್ ಸಿಗುರ್ ರೋಸ್, 2002ರದ್ದು, ಎರಡು ಆವರಣ ಚಿಹ್ನೆಗಳೇ ಹೆಸರಾದ ಆಲ್ಬಮ್. ಅವರಂತೆ ಚೆಲ್ಲೊ ಕಮಾನಿನಿಂದ ಗಿಟಾರ್ ನುಡಿಸುವಾಗ ಮುಖ್ಯ ತೊಡಕು ತಂತಿಗಳು ಕೂರುವ ಬ್ರಿಜ್: ಅದು ಹೆಚ್ಚುಕಡಿಮೆ ಚಪ್ಪಟೆ, ಕಮಾನು ಒಟ್ಟಿಗೆ ಹಲವು ತಂತಿಗೆ ತಾಗುತ್ತದೆ. ಒಂಟಿಯಾಗಿ ಸಿಗುವುದು ಮೊದಲ ಮತ್ತು ಆರನೇ ತಂತಿ ಮಾತ್ರ. ಉಳಿದ ತಂತಿಗಳನ್ನು ಒಂದೇ ಸ್ವರಗುಚ್ಛಕ್ಕೆ ಶ್ರುತಿಮಾಡಿದರೆ ತಾಗಿದ್ದೆಲ್ಲ ಹೊಂದಿಕೊಳ್ಳುತ್ತದೆ. ಕಮಾನಿಗೆ ಹಚ್ಚುವ ರಾಳ ಧಾರಾಳವಾಗಿರಲಿ, ನುಡಿಸಿದ ಮೇಲೆ ಒರೆಸದಿದ್ದರೆ ತಂತಿ ಮಂಕಾಗುತ್ತದೆ. ಈ ಆಲ್ಬಮ್ ಪಟ್ಟಿಯಲ್ಲಿ ನಿಂತರೆ ಉಳಿಯುವುದು ನಾಲ್ಕು ಜಾಗ. ಫೆನೆಸ್‌ನ ‘ಎಂಡ್‌ಲೆಸ್ ಸಮ್ಮರ್’ ಮತ್ತು ದ ಬುಕ್ಸ್‌ನ ‘ದ ಲೆಮನ್ ಆಫ್ ಪಿಂಕ್’ ಮುಂದಿನ ಸರದಿಯಲ್ಲಿವೆ.