ಸೆರಗಿನ ಗಂಟು

ಇಂದು ಬೆಳಿಗ್ಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಸ್ಸಿನಲ್ಲಿ ನೆರೆಮನೆಯ ಅಜ್ಜಿ ನನ್ನ ಜೊತೆಗಿದ್ದರು. ಸೆರಗಿನ ತುದಿಯಲ್ಲಿ ಐನೂರರ ಒಂದು ನೋಟು, ನಾಲ್ಕು ಮಡಿಕೆ ಮಡಚಿ ಗಂಟು ಹಾಕಿದ್ದು. ಜಾಗದ ಕಾಗದಕ್ಕಾಗಿ ಇದು ಐದನೆಯ ಅಲೆದಾಟ. "ಪಕ್ಷದವರೊಬ್ಬರು ಹೇಳಿದ್ದಾರೆ, ಇಷ್ಟು ಕೊಟ್ಟರೆ ಇವತ್ತೇ ಆಗುತ್ತದಂತೆ" ಎಂದರು. "ಕೊಡಬೇಡಿ ಅಜ್ಜಿ" ಎಂದೆ. ಅವರು ಕೊಡಲಿಲ್ಲ. ಕಾಗದವೂ ಸಿಗಲಿಲ್ಲ.

ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಮಣಿದು ಕೊಟ್ಟವರು ಏಳು ದಿನಗಳೊಳಗೆ ದೂರು ನೀಡಿದರೆ ಮಾತ್ರ ರಕ್ಷಣೆ. ಸರಿಯೇ. ಆದರೆ ಮಲಯಾಳದ ಅರ್ಜಿಯನ್ನು ನನ್ನಿಂದ ತುಂಬಿಸಿಕೊಂಡ ಈ ಅಜ್ಜಿ ಯಾರ ಬಾಗಿಲು ತಟ್ಟಬೇಕು? ಕಾಸರಗೋಡಿನ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೇರಳದ ಕಾಯ್ದೆಯಲ್ಲೇ ಇದೆ. ಅದನ್ನು ಕೇಳಿದರೆ ಕಡತ ಇನ್ನೂ ಅಡಿಗೆ ಹೋದೀತೆಂದು ಅವರಿಗೆ ಭಯ.

ಮಧ್ಯಾಹ್ನದಿಂದ ಒಂದೇ ಯೋಚನೆ. ಪ್ರಾಮಾಣಿಕತೆ ನನ್ನದು, ಅದರ ಬೆಲೆ ತೆರುತ್ತಿರುವವರು ಅವರು. ನನ್ನದೇ ಕೆಲಸವಾಗಿದ್ದರೆ ಹತ್ತು ಸಲ ಅಲೆಯುತ್ತಿದ್ದೆ. ಎಪ್ಪತ್ತು ದಾಟಿದವರ ಮೊಣಕಾಲಿನ ನೋವನ್ನು ಪಣಕ್ಕಿಡುವ ಅಧಿಕಾರ ನನಗೆಲ್ಲಿದೆ? ಹಾಗೆಂದು "ಕೊಟ್ಟುಬಿಡಿ" ಎನ್ನಲು ಈಗಲೂ ನಾಲಿಗೆ ಏಳುವುದಿಲ್ಲ.

ಮರಳಿ ಬರುವಾಗ ಅಜ್ಜಿ ಗಂಟು ಬಿಚ್ಚಿ ಅದೇ ನೋಟನ್ನು ಕಂಡಕ್ಟರರಿಗೆ ಚಾಚಿದರು. ನನ್ನ ಟಿಕೆಟನ್ನೂ ಅವರೇ ತೆಗೆದರು.